ಸಂಸಾರದ ಕಾರೂ ವೇಗದ ಕಾರೂ

ಮನೆಯ ಸೆಡಾನ್ ಕಾರನ್ನು ಹಳಿದು ಸ್ಪೋರ್ಟ್ಸ್ ಕಾರೇ ಬೇಕೆಂದು ಮಕ್ಕಳು ಹಟಹಿಡಿಯುವರೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರು ಹೇಳುವುದುಂಟು. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಅರಿಕೆಮಾಡುತ್ತೇವೆ.

2014ರ ವರೆಗೆ ಬಂಗಾಳದ ಉತ್ತರಪಾರದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಕಾರು ಐವರನ್ನೂ ಅವರ ಗಂಟುಮೂಟೆಗಳನ್ನೂ ಹೊತ್ತು, ಕೆಟ್ಟ ದಾರಿಯಲ್ಲಿಯೂ ಸಾಗುತ್ತಿತ್ತು. 1961ರಲ್ಲಿ ಇಂಗ್ಲೆಂಡಿನ ಜಾಗ್ವಾರ್ ಕಂಪನಿಯವರು ಹೊರತಂದ ಇ-ಟೈಪ್ ಕಾರು ಗಂಟೆಗೆ 150 ಮೈಲಿ ಓಡುವುದೆಂದು ಖ್ಯಾತವಾಯಿತು. ಆದರೆ ಅದರಲ್ಲಿ ಇಬ್ಬರಿಗೆ ಮಾತ್ರ ಸ್ಥಳ. ಅಜ್ಜಿಗೂ ಕೂಸಿಗೂ ಎಡೆಯಿಲ್ಲ.

ಹಾಗೆಂದು ವೇಗದ ಕಾರು ನಿಷ್ಪ್ರಯೋಜಕವೆಂದು ನಾವು ಹೇಳೆವು. ಫ್ರಾನ್ಸಿನ ಲೆ ಮಾನ್‌ನಲ್ಲಿ 1953ರಲ್ಲಿ ನಡೆದ ಪಂದ್ಯವನ್ನು ಡಿಸ್ಕ್ ಬ್ರೇಕುಗಳುಳ್ಳ ಜಾಗ್ವಾರ್ ಗೆದ್ದಿತು. ಅಂತಹ ಬ್ರೇಕುಗಳು ಇಂದು ಸಂಸಾರದ ಕಾರುಗಳ ಮುಂದಿನ ಗಾಲಿಗಳಲ್ಲಿಯೂ ಇರುತ್ತವೆ. ವೇಗದ ಕಾರಿನಿಂದ ಮನೆಯ ಕಾರಿಗೆ ದೊರೆತ ಉತ್ತಮವಾದ ಕಾಣಿಕೆ ಓಡುವ ಶಕ್ತಿಯಲ್ಲ, ನಿಲ್ಲುವ ಶಕ್ತಿ.

ಆ ಶಕ್ತಿಗೂ ಮಿತಿಯುಂಟು. ವೇಗವು ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ಕಾರು ನಿಲ್ಲಲು ಬೇಕಾಗುವ ದೂರವು ಸುಮಾರು ನಾಲ್ಮಡಿಯಾಗುವುದು. ಭೌತಶಾಸ್ತ್ರದ ಈ ಪಾಠವನ್ನು ನಮ್ಮ ಹುಡುಗಿಯರು ಬಲ್ಲರು. ಕಾರು ನಡೆಸುವ ಅವರ ಅಣ್ಣಂದಿರು ಅದನ್ನು ಮರೆಯುವರು.

ಆದುದರಿಂದ ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೇ: ಕಾರು ಕೊಳ್ಳುವಾಗ ಅದೆಷ್ಟು ವೇಗವಾಗಿ ಓಡುವುದೆಂದು ಕೇಳುವುದಕ್ಕೆ ಮೊದಲು, ಎಷ್ಟು ಬೇಗ ನಿಲ್ಲುವುದು, ಎಷ್ಟು ಮಂದಿಯನ್ನು ಸುರಕ್ಷಿತವಾಗಿ ಮನೆ ಸೇರಿಸುವುದು ಎಂದು ವಿಚಾರಿಸಿರಿ. ವೇಗಕ್ಕೆ ಪಂದ್ಯದ ಕಣವುಂಟು. ನಮ್ಮ ಶಾಲೆಯ ಬಾಗಿಲ ಮುಂದಿನ ರಸ್ತೆಯಲ್ಲಿ ಬೆಳಗೂ ಸಂಜೆಯೂ ಮಕ್ಕಳು ನಡೆದು ಬರುತ್ತಾರೆ.