ಗೃಹಸ್ಥಧರ್ಮ: ಮಲಪ್ರಭೆಯ ಗುಂಟ ದಂಪತಿಗಳ ಸಂಚಾರ

ಸಂಚಾರವು ಜಂಗಮರಿಗೆ ಸಲ್ಲತಕ್ಕದ್ದು, ಗೃಹಸ್ಥರಿಗೆ ಮನೆಯೇ ಸಾಕು ಎಂಬ ಭಾವನೆ ನಮ್ಮ ಕುಟುಂಬಗಳಲ್ಲಿ ಇನ್ನೂ ಬೇರೂರಿದೆ. ಹೊರದೇಶದಲ್ಲಿ ನೆಲೆಸಿದ ಮಕ್ಕಳು ಸ್ಕಾಟ್ಲೆಂಡಿನ ಸರೋವರ ದ್ವೀಪಗಳ ನಡುವೆ ಮಳೆಯಲ್ಲಿ ಕಾರು ಓಡಿಸಿದ ಚಿತ್ರಗಳನ್ನು ಕಳುಹಿದರೆ ತಂದೆತಾಯಿಗಳು ಸಂತೋಷದಿಂದ ನೋಡುತ್ತಾರೆ. ತಾವೂ ಹಾಗೆ ಇಬ್ಬರೇ ಹೊರಡಬಹುದೆಂಬುದು ಮಾತ್ರ ಅವರಿಗೆ ಹೊಳೆಯುವುದಿಲ್ಲ. ನೀರು, ನಡುಗಡ್ಡೆ, ಇತಿಹಾಸದ ಪಟ್ಟಣಗಳು ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿಯೇ ಇರುವವೆಂಬುದನ್ನು ಈ ಸಲ ಸದ್ಭಕ್ತರಲ್ಲಿ ನಿವೇದಿಸಬಯಸುತ್ತೇವೆ.

ನಮ್ಮ ಪರಿಚಯದ ಬೈಲಹೊಂಗಲದ ಗೃಹಸ್ಥರೊಬ್ಬರು ನೌಕರಿಯಿಂದ ನಿವೃತ್ತರಾದವರು. ಕಳೆದ ವರ್ಷ ಶ್ರಾವಣ ಮುಗಿದ ಮೇಲೆ ಪತ್ನೀಸಮೇತರಾಗಿ ಬಂದು, ಕಾಶಿಗೆ ಹೋಗುವುದೋ ಶ್ರೀಶೈಲಕ್ಕೆ ಹೋಗುವುದೋ ಎಂದು ನಮ್ಮ ಅಭಿಪ್ರಾಯ ಕೇಳಿದರು. ಆಗ ಆ ತಾಯಿ ಮೆಲ್ಲಗೆ, "ಗುರುಗಳ, ಮೂವತ್ತು ವರ್ಷದಾಗ ನಾ ಇವರ ಸಂಗಾಟ ಮದುವಿಗೆ ಹೋಗೇನಿ, ಮಣ್ಣಿಗೆ ಹೋಗೇನಿ, ಹರಕಿ ತೀರಸಾಕ ಹೋಗೇನಿ. ಸುಮ್ನ ನೋಡಾಕಂತ ಎಲ್ಲಿಗೂ ಹೋಗಿಲ್ರಿ" ಎಂದರು. ಗೃಹಸ್ಥರು ಉತ್ತರ ಕೊಡಲಿಲ್ಲ. ನಾವು ಕಾಶಿಯ ಮಾತನ್ನು ಬಿಟ್ಟು, ಮಲಪ್ರಭೆಯ ದಂಡೆಗುಂಟ ಮೂರು ದಿನಗಳ ಹಾದಿಯೊಂದನ್ನು ಹೇಳಿಕೊಟ್ಟೆವು. ತಮ್ಮ ಕಾರಿನಲ್ಲಿ ಅವರಿಬ್ಬರೇ ಹೋಗಬೇಕು, ಬಂಧುಗಳ ಮನೆಯಲ್ಲಿ ಇಳಿದುಕೊಳ್ಳಬಾರದು ಎಂಬುದಷ್ಟೇ ನಾವು ಹಾಕಿದ ಕಟ್ಟಳೆ. ಬಂಧುಗಳ ಮನೆಯಲ್ಲಿ ಇಳಿದರೆ ಆ ತಾಯಿ ಅಲ್ಲಿಯೂ ಒಲೆಯ ಮುಂದೆಯೇ ನಿಲ್ಲಬೇಕಾದೀತು.

ಮೊದಲ ದಿನ ಎಂ.ಕೆ. ಹುಬ್ಬಳ್ಳಿ. ಅಲ್ಲಿ ಮಲಪ್ರಭೆಯ ಒಡಲಿನಲ್ಲಿ ಗಂಗಾಂಬಿಕೆಯ ಐಕ್ಯಮಂಟಪವಿದೆ. ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ಉಳವಿಯತ್ತ ಸಾಗಿದಾಗ ಆ ತಾಯಿ ಇಲ್ಲಿ ಲಿಂಗೈಕ್ಯಳಾದಳೆಂದು ಪರಂಪರೆ ಹೇಳುತ್ತದೆ. ಮಳೆಗಾಲದಲ್ಲಿ ನೀರು ಸುತ್ತುವರಿದಾಗ ಆ ಸ್ಥಳವು ನಡುಗಡ್ಡೆಯೇ ಸರಿ. ಇದೇ ನದಿ ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನೂ ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ ಸುತ್ತಲೂ ಗೋಡೆ ಕಟ್ಟಿ ಕಾಪಾಡಲಾಗಿದೆ. ಪತ್ನಿಯ ಐಕ್ಯಸ್ಥಳವನ್ನು ಮುಟ್ಟಿದ ನೀರೇ ಪತಿಯ ಐಕ್ಯಸ್ಥಳದತ್ತ ಹರಿಯುತ್ತದೆ. ದಂಪತಿಗಳು ಸಂಚಾರವನ್ನು ಇಲ್ಲಿಂದಲೇ ತೊಡಗುವುದು ಉಚಿತವೆಂದು ನಮಗೆ ತೋರಿತು.

ಅಲ್ಲಿಂದ ಕಿತ್ತೂರು ಸಮೀಪ. 1816ರಲ್ಲಿ ಪತಿ ಮಲ್ಲಸರ್ಜನನ್ನು, 1824ರಲ್ಲಿ ಶಿವಲಿಂಗರುದ್ರಸರ್ಜನನ್ನು ಕಳೆದುಕೊಂಡ ರಾಣಿ ಚೆನ್ನಮ್ಮ ಅದೇ ವರ್ಷದ ಅಕ್ಟೋಬರ್ 23ರಂದು ಕಂಪನಿ ಸರಕಾರದ ಸೈನ್ಯವನ್ನು ಹಿಮ್ಮೆಟ್ಟಿಸಿದಳು. ಕಲೆಕ್ಟರ್ ಥ್ಯಾಕರೆ ಅಂದು ಹತನಾದನು. ಡಿಸೆಂಬರಿನಲ್ಲಿ ಕೋಟೆ ಕೈಬಿಟ್ಟಿತು. ಇಂದು ಉಳಿದಿರುವುದು ಹಾಳು ಗೋಡೆಗಳು, ಮಳೆಯಲ್ಲಿ ಹಸಿರೇರಿದ ಅಂಗಳ. ಸೆರೆಯಾದ ರಾಣಿ 1829ರಲ್ಲಿ ಬೈಲಹೊಂಗಲದಲ್ಲಿ ದೇಹಬಿಟ್ಟಳು. ಆಕೆಯ ಸಮಾಧಿ ಈ ದಂಪತಿಗಳ ಊರಿನಲ್ಲಿಯೇ ಇದೆ. ದಿನವೂ ಅದರ ಬದಿಗೆ ಹಾಯ್ದುಹೋಗುತ್ತಿದ್ದರೂ ಒಳಗೆ ಹೋಗಿ ಇಬ್ಬರೂ ಕೂಡಿ ಅರ್ಧಗಂಟೆ ಕುಳಿತದ್ದು ಅಂದೇ ಮೊದಲೆಂದು ಅವರು ಹೇಳಿದರು. ಹತ್ತಿರದ್ದನ್ನು ನೋಡುವುದಕ್ಕೂ ಹೊರಡಲೇಬೇಕಾಗುತ್ತದೆ.

ಎರಡನೆಯ ದಿನ ಸೊಗಲದ ಸೋಮೇಶ್ವರ. ಬಂಡೆಗಳ ನಡುವೆ ಧುಮುಕುವ ಜಲಪಾತಕ್ಕೆ ಮಳೆಗಾಲದಲ್ಲಿಯೇ ನಿಜವಾದ ಕಳೆ. ಅಲ್ಲಿಂದ ಮುನವಳ್ಳಿಯ ಮೇಲೆ ನವಿಲುತೀರ್ಥ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನ ಹಿಂದೆ ರೇಣುಕಾಸಾಗರ ಕಣ್ಣು ಹಾಯುವಷ್ಟು ದೂರ ಹರಡಿದೆ. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯವೇ ಹುಬ್ಬಳ್ಳಿ-ಧಾರವಾಡದ ಜನರಿಗೆ ಕುಡಿಯುವ ನೀರು ಕೊಡುತ್ತದೆ. ಈ ನೀರನ್ನು ನೋಟದ ವಸ್ತುವೆಂದು ಮಾತ್ರ ತಿಳಿಯಲಾಗದು. ಇದರಡಿಯಲ್ಲಿ ಹೊಲಮನೆಗಳು ಮುಳುಗಿವೆ. ಇದರ ಕಾಲುವೆಯ ಕರದ ಪ್ರಶ್ನೆಯಲ್ಲಿ 1980ರಲ್ಲಿ ನರಗುಂದ, ನವಲಗುಂದಗಳ ರೈತರು ಬಂಡೆದ್ದು ಪ್ರಾಣ ತೆತ್ತಿದ್ದಾರೆ.

ಸವದತ್ತಿ ಹಿಂದೆ ಸುಗಂಧವರ್ತಿಯೆಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿತ್ತು. ಊರ ಮೇಲಿನ ಕೋಟೆ 18ನೆಯ ಶತಮಾನದಲ್ಲಿ ಸಿರಸಂಗಿ ದೇಸಾಯರು ಕಟ್ಟಿಸಿದ್ದು. ಒಳಗೆ ಕಾಡಸಿದ್ಧೇಶ್ವರನ ಗುಡಿಯಿದೆ. ಯಲ್ಲಮ್ಮನ ಗುಡ್ಡಕ್ಕೆ ಹತ್ತಾರು ಸಲ ಬಂದ ಭಕ್ತರೂ ಈ ಕೋಟೆಯನ್ನು ಕೆಳಗಿನಿಂದಲೇ ನೋಡಿ ಮುಂದೆ ಹೋಗುವುದುಂಟು. ನಮ್ಮ ಗೃಹಸ್ಥರು ಕಾರಿನಲ್ಲಿಯೇ ಕೂಡ್ರುವವರಿದ್ದರು. ಆ ತಾಯಿ ಛತ್ರಿ ಹಿಡಿದು ಮುಂದೆ ನಡೆದು, ಮೇಲೆ ನಿಂತು ಅವರನ್ನು ಕರೆದರಂತೆ. "ಏರುವುದೆಂದರೆ ಇವಳಿಗೆ ಇಷ್ಟು ಹುರುಪೆಂಬುದು ನನಗೆ ಗೊತ್ತಿರಲಿಲ್ಲ ಗುರುಗಳೆ" ಎಂದು ಅವರು ಬಂದು ಹೇಳಿದಾಗ, ಸಂಚಾರದ ಫಲ ದೊರೆಯಿತೆಂದು ನಾವು ತಿಳಿದೆವು.

ಮೂರನೆಯ ದಿನ ರಾಮದುರ್ಗ. ಹಾದಿಯನ್ನು ತುಸು ಬಳಸಿಯಾದರೂ ಸಿರಸಂಗಿಯನ್ನು ನೋಡಬೇಕು. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದ ತ್ಯಾಗವೀರ ಲಿಂಗರಾಜರ ಊರದು. 1906ರಲ್ಲಿ ಲಿಂಗೈಕ್ಯರಾದ ಅವರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಬರೆದಿಟ್ಟರು. ರಾಮದುರ್ಗ 1948ರವರೆಗೆ ಸಂಸ್ಥಾನವಾಗಿತ್ತು. 1939ರಲ್ಲಿ ಪ್ರಜೆಗಳು ಅದರ ಆಡಳಿತದ ವಿರುದ್ಧ ಎದ್ದುದು ಪ್ರಸಿದ್ಧ. ಆ ತಾಲೂಕಿನಲ್ಲಿಯೇ ಗೊಡಚಿಯ ವೀರಭದ್ರೇಶ್ವರ, ತೊರಗಲ್ಲಿನ ಕೋಟೆ, ಸುರೇಬಾನದ ಬಳಿಯ ಶಬರಿಕೊಳ್ಳ ಇವೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯ ದಟ್ಟ ಮಳೆಯಲ್ಲಿ; ರಾಮದುರ್ಗವೋ ಬಯಲುಸೀಮೆ. ಆದ್ದರಿಂದ ತಲೆಯ ಮೇಲೆ ಬಿಸಿಲಿದ್ದಾಗಲೂ ಹೊಳೆ ಏರಬಹುದು. 2019ರ ಆಗಸ್ಟಿನಲ್ಲಿ ಮುನವಳ್ಳಿ, ರಾಮದುರ್ಗಗಳೊಳಗೆ ಹೊಳೆಯ ನೀರು ನುಗ್ಗಿ ಎಷ್ಟೋ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಇದ್ದರೆ ಹೊಳೆಯ ಕಡೆಗೆ ಹೋಗಬಾರದು. ನೀರು ಹತ್ತಿದ ಸೇತುವೆಯ ಮೇಲೆ ಗಾಡಿ ಹಾಕಲೇಬಾರದು. ಪರರ ಸಂಕಟವನ್ನು ವಿನೋದಕ್ಕಾಗಿ ನೋಡುವುದು ಶರಣರ ನಡೆಯಲ್ಲ. ಎರೆಭೂಮಿಯಲ್ಲಿ ರಸ್ತೆ ಬಿಟ್ಟು ಕೆಳಗಿಳಿದರೆ ಗಾಲಿ ಹೂತುಹೋಗುವುದೆಂಬುದನ್ನೂ ನೆನಪಿಡಬೇಕು. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಸಾಕು. ಅದನ್ನೂ ಇಬ್ಬರೂ ಕೂಡಿಯೇ ಕಟ್ಟಿಕೊಳ್ಳಲಿ.

ಕಾಯಕವೇ ನಮ್ಮ ಧರ್ಮದ ಜೀವಾಳವೆಂಬುದರಲ್ಲಿ ಸಂಶಯವಿಲ್ಲ. ಆದರೆ ಗಂಡಸಿನ ಕಾಯಕಕ್ಕೆ ನಿವೃತ್ತಿಯ ದಿನವೊಂದಿದೆ, ಹೆಣ್ಣುಮಗಳ ಕಾಯಕಕ್ಕೆ ಆ ದಿನ ಬರುವುದೇ ಇಲ್ಲ. ಇದನ್ನು ಧರ್ಮವೆಂದು ಕರೆದು ಸುಮ್ಮನಿರುವುದು ನ್ಯಾಯವಲ್ಲ. ಮನೆಯಲ್ಲಿ ಹಿರಿಯರಿದ್ದವರು ಎರಡು ದಿನ ಮೊಮ್ಮಕ್ಕಳನ್ನು ನೋಡಿಕೊಂಡು ಮಗ ಸೊಸೆಯರನ್ನು ಕಳುಹಿಕೊಡಲಿ. ಮಗ ಸೊಸೆಯರು ಮನೆ ನೋಡಿಕೊಂಡು ತಂದೆತಾಯಿಗಳನ್ನು ಕಳುಹಿಕೊಡಲಿ. ಮೂರು ದಿನ ಸಾಧ್ಯವಾಗದಿದ್ದರೆ ಒಂದು ದಿನವಾದರೂ ಸರಿ. ಬರುವ ಮಳೆಗಾಲಕ್ಕೆ ಇದನ್ನು ಪ್ರತಿಯೊಂದು ಮನೆಯವರೂ ಆಲೋಚಿಸಬೇಕೆಂದು ವಿನಂತಿಸಿಕೊಳ್ಳುತ್ತೇವೆ.