‘ನಾನಲ್ಲಿರಲಿಲ್ಲ’ ಎಂದವನ ಮಾತನ್ನು ತೂಗುವುದು ಹೇಗೆ?

ಉದ್ಯಮಿ ಭಾಸ್ಕರ ಶೆಟ್ಟಿ ಕೊಲೆ ಪ್ರಕರಣವನ್ನು ಉಡುಪಿ ಇನ್ನೂ ಮರೆತಿಲ್ಲ. 2016ರ ಜುಲೈ 28ರಂದು ಅವರು ಕಾಣೆಯಾದರು. ತಾಯಿ ಮಣಿಪಾಲ ಠಾಣೆಗೆ ದೂರು ಕೊಟ್ಟರು. ಇಂದ್ರಾಳಿಯ ಮನೆಯಲ್ಲಿ ಕೊಂದು, ದೇಹವನ್ನು ಕಾರ್ಕಳ ತಾಲ್ಲೂಕಿನ ನಂದಳಿಕೆಗೆ ಒಯ್ದು ಹೋಮಕುಂಡದಲ್ಲಿ ಸುಟ್ಟು, ಉಳಿದದ್ದನ್ನು ಹೊಳೆಗೆ ಎಸೆದರು ಎಂಬುದು ಪ್ರಾಸಿಕ್ಯೂಷನ್ ವಾದ. ಆರೋಪಿಗಳು ಒಪ್ಪಲಿಲ್ಲ. ಪ್ರಕರಣ ನಿಂತದ್ದು ಬಹುಮಟ್ಟಿಗೆ ಸಾಂದರ್ಭಿಕ ಸಾಕ್ಷ್ಯದ ಮೇಲೆ. 2021ರ ಜೂನ್ 8ರಂದು ಉಡುಪಿಯ ಜಿಲ್ಲಾ ನ್ಯಾಯಾಲಯ ಪತ್ನಿ, ಮಗ ಮತ್ತು ಜ್ಯೋತಿಷಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಸಾಕ್ಷ್ಯನಾಶದ ಆರೋಪ ಹೊತ್ತಿದ್ದ ಇನ್ನೊಬ್ಬರು ಅದೇ ತೀರ್ಪಿನಲ್ಲಿ ಬಿಡುಗಡೆಯಾದರು.

ಒಂದೇ ಪ್ರಕರಣ, ಒಂದೇ ಬಗೆಯ ನಿರಾಕರಣೆ, ಫಲ ಮಾತ್ರ ಬೇರೆ. ಆರೋಪಿ ಎಷ್ಟು ಗಟ್ಟಿಯಾಗಿ ‘ಇಲ್ಲ’ ಎಂದ ಎನ್ನುವುದನ್ನು ಕೋರ್ಟು ಅಳೆಯುವುದಿಲ್ಲ. ಪ್ರತಿಯೊಬ್ಬನ ವಿರುದ್ಧವೂ ಏನು ಸಾಬೀತಾಗಿದೆ ಎಂದು ಬೇರೆ ಬೇರೆಯಾಗಿ ನೋಡುತ್ತದೆ.

ನಿರಾಕರಣೆಯಲ್ಲೂ ಎರಡು ಬಗೆ. ‘ನಾನು ಮಾಡಿಲ್ಲ’ ಎಂದಷ್ಟೇ ಹೇಳಿ ಸುಮ್ಮನಿರುವ ಹಕ್ಕು ಆರೋಪಿಗಿದೆ. ಸಾಬೀತುಪಡಿಸುವ ಹೊರೆ ಪ್ರಾಸಿಕ್ಯೂಷನ್ನಿನದು. ‘ಆ ಹೊತ್ತಿಗೆ ನಾನು ಬೇರೆ ಕಡೆ ಇದ್ದೆ’ ಎಂದರೆ ಮಾತು ಬೇರೆ. ಅದನ್ನು ತೋರಿಸಿಕೊಡಬೇಕಾದವನು ಅವನೇ. 1872ರ ಸಾಕ್ಷ್ಯ ಕಾಯ್ದೆ ಇದಕ್ಕೆ ಕೊಟ್ಟಿದ್ದ ನಿದರ್ಶನ, ಅಪರಾಧ ಕಲ್ಕತ್ತದಲ್ಲಿ, ಆರೋಪಿ ಲಾಹೋರಿನಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು ಚೆನ್ನೈ ಮತ್ತು ಲಡಾಖ್ ಆಗಿದೆ.

ನಮ್ಮ ಜಿಲ್ಲೆಯಲ್ಲಿ ಅಷ್ಟು ದೂರದ ಅನುಕೂಲ ಯಾರಿಗೂ ಇಲ್ಲ. ಮಣಿಪಾಲದಲ್ಲಿ ರಾತ್ರಿ 9ಕ್ಕೆ ಒಂದು ಹಲ್ಲೆ ನಡೆಯಿತು ಎಂದುಕೊಳ್ಳಿ. ಆರೋಪಿ, ‘ಕಾಪುವಿನಲ್ಲಿ ಗೆಳೆಯನ ಮೆಹಂದಿಗೆ ಹೋಗಿದ್ದೆ’ ಎನ್ನುತ್ತಾನೆ. ಮೂವರು ಗೆಳೆಯರು ಹೌದೆನ್ನುತ್ತಾರೆ. ಮೊಬೈಲಿನಲ್ಲಿ ಫೋಟೊ ಕೂಡ ಇದೆ, ರಾತ್ರಿ 8 ಗಂಟೆಯದ್ದು. ಕಾಪುವಿನಿಂದ ಮಣಿಪಾಲಕ್ಕೆ 20 ಕಿಲೋಮೀಟರಿನ ಆಸುಪಾಸು. ಹೆದ್ದಾರಿಯಲ್ಲಿ ಬೈಕಿಗೆ ಅರ್ಧ ಗಂಟೆ ಸಾಕು. ಹಾಗಾದರೆ ಆ ಫೋಟೊ ಅವನನ್ನು ಉಳಿಸುವುದಿಲ್ಲ. 8.55ರ ಫೋಟೊ ಆದರೆ ಉಳಿಸೀತು. 1981ರ ದೂಧನಾಥ ಪಾಂಡೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೇಳಿದ್ದು ಇದನ್ನೇ: ಘಟನೆಯ ಜಾಗದಲ್ಲಿ ಆರೋಪಿ ಇರುವುದು ದೈಹಿಕವಾಗಿ ಅಸಾಧ್ಯವಾಗಿತ್ತೇ?

ಮೂವರು ಗೆಳೆಯರ ಮಾತಿಗೆ ಬೆಲೆ ಇಲ್ಲವೆಂದಲ್ಲ. ಆರೋಪಿ ಕಡೆಯ ಸಾಕ್ಷಿಗಳನ್ನೂ ಪ್ರಾಸಿಕ್ಯೂಷನ್ ಸಾಕ್ಷಿಗಳಂತೆಯೇ ಕಾಣಬೇಕು ಎಂದು ಅದೇ ತೀರ್ಪು ಹೇಳಿದೆ. ಗೆಳೆಯರೆಂದ ಮಾತ್ರಕ್ಕೆ ಸುಳ್ಳರಲ್ಲ, ಗಾಯಾಳುವಿನ ಅಣ್ಣನೆಂದ ಮಾತ್ರಕ್ಕೆ ಅವನೂ ಸುಳ್ಳನಲ್ಲ. ಪರೀಕ್ಷೆ ನಡೆಯುವುದು ಪಾಟೀಸವಾಲಿನಲ್ಲಿ. ಅವನು ಎಷ್ಟು ಹೊತ್ತಿಗೆ ಬಂದ, ಊಟಕ್ಕೆ ಯಾರ ಪಕ್ಕ ಕುಳಿತ, ನಡುವೆ ಎದ್ದು ಹೋದನೇ? ಮೂವರೂ ಬಾಯಿಪಾಠದಂತೆ ಒಂದೇ ಉತ್ತರ ಕೊಟ್ಟರೆ ಅನುಮಾನ ಹೆಚ್ಚುತ್ತದೆ. ಸಣ್ಣಪುಟ್ಟ ವ್ಯತ್ಯಾಸ ಸಹಜ. ಸಾಕ್ಷಿಯ ನೆನಪು ಫೋಟೊ ಅಲ್ಲ ಎಂದು 1983ರಲ್ಲೇ ಭರವಾಡ ಭೋಗಿನ್‌ಭಾಯಿ ತೀರ್ಪು ಹೇಳಿದೆ. ತಲೆ ಎಣಿಕೆಗೂ ಇಲ್ಲಿ ಜಾಗವಿಲ್ಲ. 1957ರ ವಡಿವೇಲು ತೇವರ್ ಪ್ರಕರಣದಿಂದೀಚೆಗೆ, ಪೂರ್ಣ ನಂಬಿಕೆಗೆ ಅರ್ಹನಾದ ಒಬ್ಬನೇ ಸಾಕ್ಷಿಯ ಮೇಲೂ ಶಿಕ್ಷೆ ನಿಲ್ಲುತ್ತದೆ.

ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಮೆಹಂದಿಯ ಕಥೆ ಸುಳ್ಳೆಂದು ಗೊತ್ತಾದ ಕೂಡಲೇ ‘ಸುಳ್ಳು ಹೇಳಿದ, ಹಾಗಾದರೆ ಅವನೇ ಮಾಡಿದ್ದು’ ಎಂದು ವಾಟ್ಸ್ಆ್ಯಪ್ ಗುಂಪುಗಳು ತೀರ್ಪು ಕೊಟ್ಟುಬಿಡುತ್ತವೆ. ಕಾನೂನು ಹಾಗೆ ಹೇಳುವುದಿಲ್ಲ. ಅಮಾಯಕನೂ ಭಯಕ್ಕೆ, ಮಾನಕ್ಕೆ ಸುಳ್ಳು ಹೇಳುತ್ತಾನೆ. 1984ರ ಶರದ್ ಬಿರ್ಧೀಚಂದ್ ಸಾರ್ಡಾ ತೀರ್ಪಿನ ಪ್ರಕಾರ, ಪ್ರಾಸಿಕ್ಯೂಷನ್ನಿನ ಸಾಕ್ಷ್ಯದ ಸರಪಳಿ ತನ್ನಷ್ಟಕ್ಕೆ ಪೂರ್ಣವಾಗಿದ್ದರೆ ಮಾತ್ರ ಆರೋಪಿಯ ಸುಳ್ಳು ಇನ್ನೊಂದು ಕೊಂಡಿಯಾದೀತು. ಕಡಿದ ಸರಪಳಿಯನ್ನು ಅದು ಬೆಸೆಯಲಾರದು. ಈ ನಿಯಮವನ್ನು ಅಪರಾಧಿಗಳಿಗೆ ಕೊಟ್ಟ ರಿಯಾಯಿತಿ ಎಂದು ಹಂಗಿಸುವವರು, ನಾಳೆ ತಮ್ಮ ಮನೆಯ ಹುಡುಗ ಠಾಣೆಯ ಬೆಂಚಿನ ಮೇಲೆ ಕೂರುವ ದಿನವನ್ನೊಮ್ಮೆ ಯೋಚಿಸಬೇಕು.

ಹಾಗೆಂದು ಕೋರ್ಟು ಕೈಚೆಲ್ಲಿ ಕೂರುವುದೂ ಇಲ್ಲ. ಮನೆಯ ನಾಲ್ಕು ಗೋಡೆಗಳೊಳಗೆ ಸಾವು ಸಂಭವಿಸಿದಾಗ, ಒಳಗಿದ್ದವರು ಸೂಕ್ತ ವಿವರಣೆ ಕೊಡಬೇಕಾಗುತ್ತದೆ ಎಂದು 2006ರ ತ್ರಿಮುಖ್ ಮಾರುತಿ ಕಿರ್ಕನ್ ತೀರ್ಪು ಹೇಳಿದೆ. ಅಲ್ಲಿ ಬರೀ ‘ಗೊತ್ತಿಲ್ಲ’ ಸಾಲದು.

ಇಂಗ್ಲೆಂಡಿನಲ್ಲಿ ಬೇರೆಡೆ ಇದ್ದೆ ಎನ್ನುವ ಆರೋಪಿ ಅದರ ವಿವರವನ್ನು ವಿಚಾರಣೆಗೆ ಮೊದಲೇ ಕೊಡಬೇಕು. ನಮ್ಮಲ್ಲಿ ಅಂಥ ನಿಯಮವಿಲ್ಲದ ಕಾರಣ ಎಷ್ಟೋ ಸಲ ಈ ವಾದ ವರ್ಷಗಳ ನಂತರ ಮೊದಲ ಬಾರಿ ಕೇಳಿಬರುತ್ತದೆ. ಅಷ್ಟರಲ್ಲಿ ಅಂಗಡಿಗಳ ಸಿಸಿಟಿವಿ ದೃಶ್ಯ ಅಳಿಸಿಹೋಗಿರುತ್ತದೆ. ಮೊಬೈಲ್ ಟವರ್ ದಾಖಲೆ ಸಿಕ್ಕರೂ ಅದು ಫೋನ್ ಎಲ್ಲಿತ್ತೆಂದು ಹೇಳುತ್ತದೆಯೇ ಹೊರತು ಮನುಷ್ಯ ಎಲ್ಲಿದ್ದನೆಂದಲ್ಲ. ಜೊತೆಗೆ ಇಂಥ ದಾಖಲೆಗೆ ಪ್ರಮಾಣಪತ್ರ ಕಡ್ಡಾಯ ಎಂದು 2020ರ ಅರ್ಜುನ್ ಪಂಡಿತರಾವ್ ತೀರ್ಪು ಖಚಿತಪಡಿಸಿದೆ.

ಆದ್ದರಿಂದ ತನಿಖಾಧಿಕಾರಿಗಳಲ್ಲಿ ಒಂದು ವಿನಂತಿ: ಆರೋಪಿ ‘ನಾನಲ್ಲಿರಲಿಲ್ಲ’ ಎಂದ ದಿನವೇ ದಾರಿಯ ಅಂಗಡಿಗಳ ಸಿಸಿಟಿವಿ ದೃಶ್ಯವನ್ನೂ ಮೆಹಂದಿ ಮನೆಯವರ ಹೇಳಿಕೆಯನ್ನೂ ತೆಗೆದುಕೊಳ್ಳಿ. ಅದು ಅವನನ್ನು ಬಿಡಿಸುವುದಾದರೂ ಸರಿ, ಕಡತಕ್ಕೆ ಸೇರಿಸಿ.