"ಡೈವರ್ಸಿಟಿ ಕೋಟಾ" ಅಂತ ನಗೋ ಮುಂಚೆ ಮಿನ್ನಿ ಕೆನ್ನಿ ಬಗ್ಗೆ ಓದಿ

ಪ್ಲೇಸ್‌ಮೆಂಟ್ ಸೀಸನ್ ಬಂದ್ರೆ ಕ್ಲಾಸ್ ಗ್ರೂಪಲ್ಲಿ ಈ ಡೈಲಾಗ್ ಗ್ಯಾರಂಟಿ: "ಅವಳಿಗೆ ಡೈವರ್ಸಿಟಿ ಕೋಟಾದಲ್ಲಿ ಸಿಕ್ತು ಬಿಡು ಮಗಾ." ಹಾಗನ್ನೋರಿಗೆ ಒಂದು ಪ್ರಶ್ನೆ. ಅವಳಿಗಿಂತ ಮುಂಚೆ ಆ ಸೀಟಲ್ಲಿ ಕೂತವರೆಲ್ಲ ಬರೀ ಮೆರಿಟ್ ಮೇಲೇ ಬಂದಿದ್ರಾ?

ಮಿನ್ನಿ ಕೆನ್ನಿ ಅಂತ ಒಬ್ಬರಿದ್ದರು. ಅಮೆರಿಕದ ಕಪ್ಪುವರ್ಣೀಯ ಮಹಿಳೆ. 1951ರಲ್ಲಿ ಅಲ್ಲಿನ ಸರ್ಕಾರದ ಗೂಢಲಿಪಿ ಸಂಸ್ಥೆಗೆ ಸೇರಿದರು. ಮರುವರ್ಷ ಅದೇ ಎನ್‌ಎಸ್‌ಎ ಆಯ್ತು. ಬೇರೆ ದೇಶಗಳ ರಹಸ್ಯ ಸಂದೇಶ ಬಿಡಿಸೋದು ಅವರ ಕೆಲಸ.

ಅವರು ಕಾಲಿಡೋ ಹೊತ್ತಿಗೆ ಅಲ್ಲಿನ ಪರಿಸ್ಥಿತಿ ಹೇಗಿತ್ತು ಕೇಳಿ. ಎರಡನೇ ಮಹಾಯುದ್ಧದಲ್ಲಿ ವರ್ಜೀನಿಯಾದ ಆರ್ಲಿಂಗ್ಟನ್ ಹಾಲ್‌ನಲ್ಲಿ ಕಪ್ಪುವರ್ಣೀಯರದ್ದೇ ಒಂದು ಪ್ರತ್ಯೇಕ ತಂಡ ಇತ್ತು. ಕಂಪನಿ, ಬ್ಯಾಂಕುಗಳು ಕೋಡ್‌ನಲ್ಲಿ ಕಳಿಸ್ತಿದ್ದ ಟೆಲಿಗ್ರಾಂ ಓದಿ, ಶತ್ರು ದೇಶದ ಜೊತೆ ಯಾರು ವ್ಯಾಪಾರ ಮಾಡ್ತಿದ್ದಾರೆ ಅಂತ ಪತ್ತೆ ಹಚ್ಚಬೇಕು. (ಬಿಕಾಂನವರೇ, ಇದು ನಮ್ಮ ಸಬ್ಜೆಕ್ಟು!) ಅದರ ಮುಖ್ಯಸ್ಥ ವಿಲಿಯಂ ಕಾಫಿ. ಕಾಲೇಜು ಓದಿದ್ದ ಮನುಷ್ಯ, ಆದ್ರೆ ಅಲ್ಲಿ ಶುರು ಮಾಡಿದ್ದು ಕಸ ಗುಡಿಸೋ ಕೆಲಸದಿಂದ. 1948ರಲ್ಲಿ ಅಧ್ಯಕ್ಷ ಟ್ರೂಮನ್ ಸರ್ಕಾರಿ ಕೆಲಸದಲ್ಲಿ ವರ್ಣಭೇದ ಕೂಡದು ಅಂತ ಆದೇಶ ಹೊರಡಿಸಿದರು. ಆಮೇಲೂ ಎಷ್ಟೋ ಕಪ್ಪುವರ್ಣೀಯರನ್ನ ರಷ್ಯನ್ ಸಂದೇಶ ಜಾಲಾಡೋ ಒಂದೇ ವಿಭಾಗಕ್ಕೆ ತುಂಬ್ತಿದ್ರು. ಅದಕ್ಕೆ ಬಿದ್ದಿದ್ದ ಅಡ್ಡಹೆಸರು 'ಪ್ಲಾಂಟೇಶನ್'. ಅಂದ್ರೆ ಗುಲಾಮರು ದುಡೀತಿದ್ದ ತೋಟ.

ಈಗ ಹೇಳಿ, ಉಳಿದವರಿಗೆ ಹಾಲ್ ಟಿಕೆಟ್ಟೇ ಕೊಡದೆ ನಡೆಸಿದ ಪರೀಕ್ಷೆಯಲ್ಲಿ ರ‍್ಯಾಂಕ್ ಬಂದವನನ್ನ ಏನಂತ ಕರೀಬೇಕು? ಅವನದ್ದೂ ಕೋಟಾನೇ ಅಲ್ವಾ? ಹೆಸರಿಟ್ಟಿರಲಿಲ್ಲ ಅಷ್ಟೇ.

ಕೆನ್ನಿ ಅಂಥ ಕಡೆ ಸೇರಿ ಮೇಲೆ ಬಂದರು. ಭಾಷಾ ವಿಶ್ಲೇಷಣೆಯ ಕೆಲಸಕ್ಕೆ ಕಂಪ್ಯೂಟರ್ ತಂದವರಲ್ಲಿ ಅವರೂ ಒಬ್ಬರು. ಮೇಲೆ ಹೋದ್ಮೇಲೆ ಏಣಿ ಎಳ್ಕೊಳ್ಳಲಿಲ್ಲ. ಮಹಿಳೆಯರಿಗೆ, ಕಪ್ಪುವರ್ಣೀಯರಿಗೆ ತರಬೇತಿ ಮತ್ತು ಅವಕಾಶ ಸಿಗಬೇಕು ಅಂತ ಸಂಸ್ಥೆಯ ಒಳಗಿದ್ದೇ ಹಟ ಹಿಡಿದು ಕೆಲಸ ಮಾಡಿದರು. 2009ರಲ್ಲಿ ಎನ್‌ಎಸ್‌ಎ ತನ್ನ ಗೂಢಲಿಪಿ ಸಾಧಕರ ಗೌರವ ಪಟ್ಟಿಗೆ ಅವರ ಹೆಸರು ಸೇರಿಸಿತು.

ಕೆಲವು ಕಂಪನಿಗಳಿಗೆ ಡೈವರ್ಸಿಟಿ ಅಂದ್ರೆ ಮಾರ್ಚ್ 8ಕ್ಕೆ ಒಂದು ಕೇಕು, ಒಂದು ಗ್ರೂಪ್ ಫೋಟೋ. ನಿಜ. ಅದನ್ನ ಬೈಯಿರಿ, ನಾನೂ ಜೊತೆಗೆ ಬೈತೀನಿ. ಆದ್ರೆ ಆಫರ್ ಲೆಟರ್ ಹಿಡ್ಕೊಂಡು ಬಂದ ಹುಡುಗಿಯನ್ನ ಯಾಕ್ರೋ? ನೀವು ಬರೆದ ಆಪ್ಟಿಟ್ಯೂಡ್ ಟೆಸ್ಟೇ ಅವಳೂ ಬರೆದಿದ್ದು.

ಒಪ್ಪಲ್ವಾ? ಕಾಮೆಂಟಲ್ಲಿ ಬನ್ನಿ. ಹುಡುಗರ ಗ್ರೂಪಲ್ಲಿ ಅಲ್ಲ, ಇಲ್ಲಿ, ಅವರೂ ಓದೋ ಕಡೆ.